ಜಗಳಕ್ಕೆ ನೀನೊಬ್ಬನಿದ್ದೆ

ಶಾಂತಮೂರ್ತಿ,

ನೀನು ತೀರಿಕೊಂಡ ಮೇಲೆ ನಮ್ಮ ಹೈಸ್ಕೂಲು ಗೆಳೆಯರ ವಾಟ್ಸಾಪ್ ಗುಂಪು ತಣ್ಣಗಾಗಿದೆ. ಇವತ್ತು ಮಧ್ಯಾಹ್ನ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಾ ಕೂತು, ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಒಂದು ವರದಿ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿ ಸುಮ್ಮನಾದರು.

ನೀನಿದ್ದಿದ್ದರೆ ಕೌದಳ್ಳಿಯ ಅಂಗಡಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿಕೊಂಡೇ, "ನಮ್ಮಜ್ಜನ ಕಾಲ್ದಲ್ಲೂ ಬಿಸ್ಲಿತ್ತು ಕಣ್ಲಾ, ಇದೆಲ್ಲ ಬರೀ ಬೊಗಳೆ" ಎಂದು ಬರೆಯುತ್ತಿದ್ದೆ. ನಾನು ಹಿಂದಿನ ವರ್ಷಗಳ ತಾಪಮಾನದ ಲೆಕ್ಕ ಹಾಕುತ್ತಿದ್ದೆ. ಬೆಂಚಿನಲ್ಲಿ ಒಟ್ಟಿಗೆ ಕೂರುತ್ತಿದ್ದಾಗಲೂ ಹೀಗೇ ಕಿತ್ತಾಡುತ್ತಿದ್ದೆವು. ಸಂಜೆ ಫೋನು ಮಾಡಿ "ಉಂಡ್ಯೇನ್ಲಾ?" ಅನ್ನುತ್ತಿದ್ದವನೂ ನೀನೇ.

ಕೊನೆಯ ಸಲ ನೀನು ತುಂಬಿ ಹರಿಯುವ ಪಾಲಾರ್ ಹೊಳೆಯ ಫೋಟೋ ಕಳಿಸಿದ್ದೆ. "ಮಳೆ ಕೆಟ್ಟೋಯ್ತು ಅಂತಿದ್ದಲ್ಲ, ಬಾ ನೋಡು. ಇಬ್ರೂ ಓಗಿ ಕಾಲು ಇಳಿಬಿಟ್ಕಂಡು ಕುಂತ್ಕಳಮ" ಅಂದಿದ್ದೆ. ಒಂದು ವರ್ಷದ ಮಳೆ ಪುರಾವೆಯಲ್ಲ ಎಂದು ನಾನು ಗ್ರಾಫ್ ಕಳಿಸಿದೆ.

ಇವತ್ತು ನಿನ್ನ ಆ "ನಮ್ಮಜ್ಜನ ಕಾಲ್ದಲ್ಲೂ" ಮಾತನ್ನು ನಾನೇ ಗುಂಪಿನಲ್ಲಿ ಬರೆದೆ. ತಕ್ಷಣ ನಮ್ಮ ಗುಂಪಿನ ಜಡೇಸ್ವಾಮಿ ಫೋನು ಮಾಡಿದ.

"ಏನ್ಲಾ, ಇಷ್ಟು ವರ್ಸ ಅವ್ನಿಗೆ ಬುದ್ಧಿ ಏಳಿ, ಈಗ ನೀನೇ ಇಂಗಂತೀಯಾ?"

"ಅದು ಸುಳ್ಳೇ ಕಣ್ಲಾ," ಅಂದೆ. "ಈಗ ಯಾರೂ ಅಂಗನ್ನಲ್ವಲ್ಲ ಅಂತ ಬರ್ದೆ."

"ಎಲ್ಲಿದ್ದೀಯಾ?" ಅಂದ. ಬಸ್ ನಿಲ್ದಾಣದಲ್ಲಿ ಅಂದೆ. "ಅಲ್ಲೇ ಇರು, ಬತ್ತೀನಿ" ಅಂದ.

ಹನೂರಿನ ಬಸ್ಸು ಬಂತು. ನಾನು ಹತ್ತಲಿಲ್ಲ.