ಪೂಜೆಯ ದಿನ ಸುಮ್ಮನಿದ್ದ ನಂಬರು

16-10-1999, ಶನಿವಾರ

ಇವತ್ತೂ ಅದೇ. ಹದಿನಾಲ್ಕು ಕಂಪ್ಯೂಟರು, ಒಂದೊಂದರ ಮುಂದೆ ಕೂತು ನೆಟ್‌ವರ್ಕಿನ ಅಡ್ರೆಸ್ ನಂಬರು ತುಂಬುವುದು. ಒಂದೇ ನಂಬರು ಎರಡು ಮಷಿನ್‌ಗೆ ಬಿದ್ದರೆ ಕೆಲಸ ಕೆಟ್ಟಿತು. ಬಳ್ಳಾರಿಯಿಂದ ಇಂಜಿನಿಯರ್ ಫೋನ್ ಮಾಡಿದ್ದರು. ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯಲ್ಲೇ ಖಾಲಿ ನಂಬರುಗಳ ಒಂದು ರಾಶಿ, ಪೂಲ್, ಮಾಡಿಡು, ಮಷಿನ್ ಆನ್ ಆದಾಗ ಅದೇ ಒಂದನ್ನು ಕೊಡುತ್ತದೆ ಅಂದರು. ಡಿಎಚ್‌ಸಿಪಿ ಅಂತೆ. ಕಾಯಂ ನಂಬರು ಇರುವ ಮಷಿನ್‌ಗಳನ್ನು ಮಾತ್ರ ಪೂಲ್‌ನಿಂದ ಹೊರಗಿಡಬೇಕು.

ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ಇಪ್ಪತ್ತನೇ ತಾರೀಖಿಗೆ ಶುರು. ಅಷ್ಟರಲ್ಲಿ ಈ ಕೆಲಸ ಆದರೆ ಕಂಪ್ಯೂಟರ್ ರೂಮಿನಲ್ಲೇ ಇರು, ಇಲ್ಲದಿದ್ದರೆ ಕಬ್ಬಿನ ಯಾರ್ಡಿಗೆ ವಾಪಸ್ — ಮ್ಯಾನೇಜರ್ ಮಾತು. ಮರಿಯಮ್ಮನಹಳ್ಳಿ ಗ್ಯಾರೇಜ್ ಬಿಟ್ಟೆ. ಹೊಸಪೇಟೆ ರೇಡಿಯೋ ಅಂಗಡಿ ಬಿಟ್ಟೆ. ಇದನ್ನು ಬಿಡುವ ಮನಸ್ಸಿಲ್ಲ... ಮೊದಲನೇ ಸಲ.

18-10, ಸೋಮವಾರ. ಆಯುಧ ಪೂಜೆ

ಎಲ್ಲರೂ ಮಂಡಕ್ಕಿ ತಗೊಂಡು ಮನೆಗೆ ಹೋದರು. ಕೀಬೋರ್ಡುಗಳ ಮೇಲೆ ನಿಂಬೆಹಣ್ಣು. ನಾನೊಬ್ಬನೇ ಕೂತೆ. ಯಾವ ನಂಬರು ಕಾಯಂ ಎಂದು ಎಲ್ಲೂ ಬರೆದಿಟ್ಟಿಲ್ಲ. ಒಂದರಿಂದ ಹಿಡಿದು ಒಂದೊಂದಕ್ಕೂ ಪಿಂಗ್ ಕೊಟ್ಟು, ಯಾರಾದರೂ ಇದ್ದೀರಾ ಎಂದು ಕೇಳಿದೆ. ಎಲ್ಲರ ಲೆಕ್ಕ ಇಡುವ ದೊಡ್ಡ ಮಷಿನ್, ಸರ್ವರ್, ಉತ್ತರ ಕೊಟ್ಟಿತು, ಪ್ರಿಂಟರ್ ಕೊಟ್ಟಿತು. ಅವೆರಡನ್ನೂ ಹೊರಗಿಟ್ಟೆ. ಉಳಿದವು ಸುಮ್ಮನಿದ್ದವು. ಖಾಲಿ ಅಂತ ಪೂಲ್‌ಗೆ ಹಾಕಿದೆ. ಆಫೀಸಿನ ಮಷಿನ್‌ಗಳನ್ನೆಲ್ಲ ಆಟೋಮೆಟಿಕ್ ಮಾಡಿದೆ.

ಮುಗಿಯಿತು. ಎಷ್ಟು ಸಲೀಸು.

20-10, ಬೆಳಿಗ್ಗೆ 11

ಕಬ್ಬಿನ ಗಾಡಿಗಳ ಸಾಲು ಕಾಲುವೆ ಸೇತುವೆ ದಾಟಿದೆ. ತೂಕದ ಮನೆಯ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪರದೆ ಮೇಲೆ — ಈ ಅಡ್ರೆಸ್ ಬೇರೆಯವರ ಹತ್ತಿರ ಇದೆ. ತೂಕದ ಚೀಟಿ ಬರುತ್ತಿಲ್ಲ.

ತೂಕ ಮಾಡುವ ಮೂಕಣ್ಣನಿಗೆ ಮ್ಯಾನೇಜರ್ ಬಾಯಿಗೆ ಬಂದಂತೆ ಬೈದರು. ಪೂಜೆ ಅಂತ ಮಷಿನ್ ಒಳಗೆ ತೆಂಗಿನಕಾಯಿ ನೀರು ಬಿಟ್ಟಿದ್ದೀಯ, ನಾಳೆಯಿಂದ ಗೇಟ್ ಕಾಯಿ ಅಂದರು. ಇಪ್ಪತ್ತೆರಡು ವರ್ಷ ತೂಕ ಮಾಡಿದ ಮನುಷ್ಯ.

"ಕಾಯಿ ಒಡದದ್ದು ಖರೆ ಸಾಹೇಬ್ರ," ಅಂದ. "ಹೊರಗ ಒಡದೀನಿ. ಮಷಿನ್ ಮ್ಯಾಲ ಅಲ್ಲ."

ತೂಕದ ಮನೆಯ ನಂಬರು 25. ಕಾಯಂ. ಪೂಜೆ ದಿನ ಅದು ಆಫ್ ಇತ್ತು... ಎಲ್ಲಿಂದ ಉತ್ತರ ಕೊಡಬೇಕು? ನನಗೆ ಗೊತ್ತಾಗಿದೆ. ಇನ್ನೂ ಯಾರಿಗೂ ಹೇಳಿಲ್ಲ.

ಅದೇ ದಿನ, ಸಂಜೆ

ಹೇಳಿದೆ.

ಎಲ್ಲರ ಎದುರೇ. "ಮೂಕಣ್ಣಂದು ತಪ್ಪಿಲ್ರಿ. ನಂಬರ್ ಕೊಟ್ಟಾಂವ ನಾನು." ಮ್ಯಾನೇಜರ್ ಮೊದಲು ಸರಿ ಮಾಡು, ನಿನ್ನ ವಿಷಯ ಆಮೇಲೆ ಅಂದರು.

ಆ 25 ಹೋಗಿ ಕೂತಿದ್ದು ಲೆಕ್ಕದ ವಿಭಾಗದ ಸುವರ್ಣಮ್ಮನ ಮಷಿನ್‌ನಲ್ಲಿ. ಸ್ವಿಚ್‌ನಲ್ಲಿ 25ನ್ನು ಪೂಲ್‌ನಿಂದ ತೆಗೆದೆ. ಅವರದನ್ನು ಆಫ್ ಮಾಡಿ ಆನ್ ಮಾಡಿದೆ, 26 ಬಂತು. ತೂಕದ ಮನೆಗೆ ಓಡಿದೆ. ಆನ್. ಮೊದಲ ಗಾಡಿ ತೂಕದ ಹಲಗೆ ಏರಿತು. ಕರ್ರ್ ಎಂದು ಚೀಟಿ ಹೊರಬಂತು.

ಮೂಕಣ್ಣ ಚೀಟಿ ಹರಿಯುತ್ತಾ ಅಂದ: "ಲೇ ಭರಮಾ, ಪೂಜಿ ಮಾಡಿ ಮಲಗಿಸಿದ ಮಷಿನ್‌ನ ಮಾತಾಡ್ಸಾಕ ಹೋಗಿದ್ದೇನು?" ಗಾಡಿಯವರೆಲ್ಲ ನಕ್ಕರು. ನನಗೂ ನಗು ಬಂತು, ತಡೆಯಲಾಗಲಿಲ್ಲ.

23-10

ಮ್ಯಾನೇಜರ್ ಇನ್ನೂ ಏನೂ ಹೇಳಿಲ್ಲ. ಎಲ್ಲ ರೂಮಿಗೂ ಹೋಗಿ, ಎಲ್ಲ ಮಷಿನ್ ಆನ್ ಮಾಡಿಸಿ, ಕಾಯಂ ನಂಬರು ಬರೆದುಕೊಂಡೆ. ಐದು ಸಿಕ್ಕವು. ಯಾರ್ಡಿಗೆ ಹೋಗುವುದಾದರೂ ಮುಂದೆ ಬರುವವನಿಗೆ ಇದು ಇರಲಿ.

2-11, ಮಂಗಳವಾರ

ಮ್ಯಾನೇಜರ್ ಕರೆದರು. ನಿಂತೇ ಇದ್ದೆ. "ಕುಂದ್ರು," ಅಂದರು. "ತಪ್ಪು ಎಲ್ಲಾರೂ ಮಾಡ್ತಾರ. ಆವತ್ತು ನೀ ಸುಮ್ನಿದ್ರ ಆ ಮನಿಷ್ಯಾನ್ನ ಗೇಟಿಗೆ ಹಾಕಿಬಿಡ್ತಿದ್ದೆ ನಾನು." ಆರ್ಡರ್ ಕೈಗೆ ಕೊಟ್ಟರು. ಭರಮಣ್ಣ, ಕಂಪ್ಯೂಟರ್ ವಿಭಾಗ. ಟೈಪ್ ಮಾಡಿದ್ದು, ಸೀಲು ಒತ್ತಿದ್ದು.

ನಾಲ್ಕು ಸಲ ಓದಿದೆ. ಎಲ್ಲಿಗೂ ಓಡಿಹೋಗಬೇಕು ಅನ್ನಿಸುತ್ತಿಲ್ಲ, ಇದೇ ವಿಚಿತ್ರ. ಅವ್ವನಿಗೆ ಹೇಳಬೇಕು. ಅದಕ್ಕೆ ಮೊದಲು ತೂಕದ ಮನೆಗೆ... ಮೂಕಣ್ಣನೇ ಅಲ್ಲಿಯ ಕಿಟಕಿಯಲ್ಲಿ ನಿಂತು ಕೈ ಮಾಡಿ ಕೂಗುತ್ತಿದ್ದಾನೆ, ಚಹಾ ಆರುತ್ತದಂತೆ. ಆರ್ಡರ್ ಬಂದದ್ದು ಅವನಿಗೆ ಯಾರು ಹೇಳಿದರೋ —