ಸರದಿ ಕೋಲು ನೇತಾಡಿದ ಬಾಗಿಲು

ಗ್ರಾನ್‌ಮೂ, ವ್ಯಾರ್ಮ್‌ಲಾಂಡ್
ಮೇ 6, ಸೋಮವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಆಲ್ರಿಕ್,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೋ ಇಲ್ಲವೋ? ಆ ಮೀನು ಕಾರ್ಖಾನೆಯ ಒದ್ದೆ ನೆಲದ ಮೇಲೆ ದಿನವಿಡೀ ನಿಲ್ಲುತ್ತೀಯೆಂದು ನೆನೆದರೆ ನನ್ನ ಮಂಡಿಯೇ ಹಿಡಿದುಕೊಳ್ಳುತ್ತದೆ. ಡಿಸೆಂಬರಿನಲ್ಲಿ ಉಣ್ಣೆಯ ಕಾಲುಚೀಲ ಕಳಿಸಿದ್ದೆ, ಬೂದು ಬಣ್ಣದ್ದು. ತಲುಪಿದೆಯೋ, ನಾರ್ವೆಯ ಗಡಿಯಲ್ಲೇ ಎಲ್ಲೋ ಬಿದ್ದಿದೆಯೋ ಗೊತ್ತಿಲ್ಲ. ಇದು ನಾಲ್ಕನೆಯ ಪತ್ರ. ನನ್ನ ಅಕ್ಷರ ಓದಲು ಕಷ್ಟ, ಬಲ್ಲೆ. ಆರನೇ ತರಗತಿಗೆ ಬಿಡಿಸಿ ಅಮ್ಮನ ಹಾಸಿಗೆ ಪಕ್ಕ ಕೂರಿಸಿದವರಿಗೆ ಇಷ್ಟು ಬರೆಯುವುದೇ ದೊಡ್ಡದು. ನನ್ನ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಿದ್ದವನು ನೀನು. ಈಗ ಅಂಚೆಯ ಸೀವ್ ತುಂಬಿಕೊಡುತ್ತಾಳೆ, ತುಂಬುವಾಗ ಎಲ್ಲವನ್ನೂ ಓದಿಯೂ ಬಿಡುತ್ತಾಳೆ.

ಇಲ್ಲಿ ಉತ್ತರದ ಇಳಿಜಾರಿನಲ್ಲಿ ಇನ್ನೂ ಹಿಮ ಇದೆ. ರಸ್ತೆ ಕೆಳಗಿನಿಂದ ಕರಗುತ್ತಿದೆ, ಮೇಲೆ ಕಾಲಿಟ್ಟರೆ ಹಿಟ್ಟಿನ ಹಾಗೆ ಒಳಗೆ ಹೋಗುತ್ತದೆ. ಎಂದಿನಂತೆ ರಸ್ತೆಗೆ ಅಡ್ಡ ಸರಪಳಿ ಕಟ್ಟಿದ್ದೇವೆ, ಮರದ ಲಾರಿಗಳು ನುಗ್ಗಬಾರದಲ್ಲ. ನಿನ್ನ ಮನೆಯ ಕಿಟಕಿ ಎರಡು ಸಲ ತೆರೆದು ಗಾಳಿಯಾಡಿಸಿದೆ. ಒಲೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗಿ ನೋಡಿದೆ. ಹಾಕಿತ್ತು. ಬಾಗಿಲ ಪಕ್ಕದ ಮೊಳೆ ತುಕ್ಕು ಹಿಡಿದಿದೆ.

ಸೈಕಲ್ಲಿನವರು ಮತ್ತೆ ಬರತೊಡಗಿದ್ದಾರೆ. ದಪ್ಪ ಟೈರು, ಕೆಸರು ಮೆತ್ತಿದ ಮುಖ, ಬಾಗಿಲಲ್ಲಿ ನಿಂತು ಕಾಫಿ ಕೇಳುವುದು, ಎಲ್ಲ ಹಾಗೇ ಇದೆ. ದಾರಿ ಮಾತ್ರ ಹಾಗಿಲ್ಲ. ಅಪ್ಪ ಮರ ಸಾಗಿಸುತ್ತಿದ್ದ ಜಾರುಬಂಡಿ ಹಾದಿ, ಇದ್ದಿಲು ಸುಡುವವರ ಹಳೆಯ ಹಾದಿ, ಎಲ್ಲವನ್ನೂ ನಡೆದು ನಡೆದು ನೀನು ಹಾಲಿನ ಡಬ್ಬಿಯ ರಟ್ಟಿನ ಮೇಲೆ ಗೀಚಿದ್ದ ಅರವತ್ತನಾಲ್ಕು ಕಿಲೋಮೀಟರು ಈಗ ದೊಡ್ಡ ಬಣ್ಣದ ಫಲಕವಾಗಿ ಹಾಲಿನ ಕ್ಯಾನು ಇಡುವ ಕಟ್ಟೆಯ ಹತ್ತಿರ ನಿಂತಿದೆ. ಕೆಳಗೆ ರಸ್ತೆ ಸಂಘದ ಎವೆರ್ಟನ ಅಳಿಯನ ಹೆಸರು. ಆ ಮಹಾರಾಯ ಜೌಗಿನ ಬಳಿ ನಿನ್ನ ಸುತ್ತು ಬಳಸು ತೆಗೆದು ನೇರ ಗೆರೆ ಎಳೆದಿದ್ದಾನೆ. ಹೋದ ವಾರ ನಾಲ್ವರು ಅಲ್ಲಿ ಚಕ್ರ ಹೂತು ಸೈಕಲ್ಲು ಹೆಗಲ ಮೇಲೆ ಹೊತ್ತು ಬಂದರು. ಒಬ್ಬ ಕೇಳಿದ, "ಅಜ್ಜಿ, ಈ ದಾರಿ ಮಾಡ್ದೋನು ಒಂದು ಸಲನಾದ್ರೂ ಇದರ ಮೇಲೆ ನಡೆದಿದ್ನಾ?" ನೀನು ಆ ಜೌಗಿನ ಅಂಚಿನಲ್ಲಿ ಮೂರು ಬೇಸಿಗೆ ಕಲ್ಲು ಹೊತ್ತದ್ದು ಯಾವ ಫಲಕದಲ್ಲೂ ಇಲ್ಲ. ಬನ್ನು ಕೊಟ್ಟು ಕಳಿಸಿದೆ.

ಆ ಶನಿವಾರದ ಬಗ್ಗೆ ಯಾರೂ ಮಾತು ನಿಲ್ಲಿಸಿಲ್ಲ. ವರ್ಷವಾಯಿತು, ಇನ್ನೂ ಪ್ರತಿ ಅಡುಗೆಮನೆಯಲ್ಲಿ ಅದನ್ನು ಬಿಸಿ ಮಾಡಿ ಬಡಿಸುತ್ತಾರೆ. ಸೈಕಲ್ ಸವಾರಿಯ ದಿನ, ಬೆಳಿಗ್ಗೆ ಏಳಕ್ಕೆ ಮೊದಲು ಸರಪಳಿ ಬಿಚ್ಚಬೇಕಿತ್ತು, ಬಿಚ್ಚಿರಲಿಲ್ಲ, ಆ ಹುಡುಗಿ ಹಿಲ್ಲೆವಿ ಇಳಿಜಾರಿನ ಕೊನೆಯ ತಿರುವಿನಲ್ಲಿ ಬಂದು ಅದಕ್ಕೆ ಬಡಿದಳು. ಸರದಿ ಕೋಲು ಯಾರ ಬಾಗಿಲಲ್ಲಿ ನೇತಾಡುತ್ತದೋ ಆ ವಾರ ರಸ್ತೆ ಅವರದು, ಸರಪಳಿ ಅವರದು, ತಾತನ ಕಾಲದಿಂದಲೂ ಹಾಗೆಯೇ. ಕೋಲು ನಿನ್ನ ಬಾಗಿಲಲ್ಲಿ ನೇತಾಡುತ್ತಿತ್ತು. ನೀನು ಬೆಟ್ಟದ ಮೇಲಿನ ಬೇಟೆಗುಡಿಸಲಿಂದ ಓಡಿ ಬಂದು "ನಿನ್ನೆ ಮಧ್ಯಾಹ್ನ ನಾನು ಹೊರಡೋವಾಗ ಇರ್ಲಿಲ್ಲ" ಎಂದೆ. ಎವೆರ್ಟ್ ರಸ್ತೆ ಸಂಘದ ಅಧ್ಯಕ್ಷನಲ್ಲವೇ, ಎಲ್ಲರ ಮುಂದೆ ನಕ್ಕ. "ಓಹೋ, ಹಂಗಾದ್ರೆ ಕೋಲೇ ನಡ್ಕೊಂಡು ಬಂದು ಮೊಳೆಗೆ ನೇತಾಕ್ಕೊಂತೇನಪ್ಪಾ?" ಎಂದ. ಜನರೂ ನಕ್ಕರು. ನೀನು ನನ್ನ ಕಡೆ ನೋಡಿದೆ. ಒಂದೇ ಒಂದು ಮಾತು ಕೇಳಲಿಲ್ಲ. ಎರಡು ವಾರದಲ್ಲಿ ಬೀಗ ಹಾಕಿ, ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಹೊರಟೆ. ನಿನ್ನ ಮೇಲೆ ನನಗೆ ಸಿಟ್ಟಿದೆ ಆಲ್ರಿಕ್, ಹೇಳಿಬಿಡುತ್ತೇನೆ. ಕೇಳಬಹುದಿತ್ತು ನೀನು. ಸುಮ್ಮನೆ ನೋಡಿ ಹೋಗುವುದು ಬೈದು ಹೋಗುವುದಕ್ಕಿಂತ ಕೆಟ್ಟದ್ದು.

ಹೋದ ಗುರುವಾರ ಆ ಹಿಲ್ಲೆವಿ ನಮ್ಮ ಮನೆಗೆ ಬಂದಿದ್ದಳು. ಕಾರಿನಲ್ಲಿ. ಸೊಂಟದಲ್ಲಿ ಲೋಹ ಕೂರಿಸಿದ್ದಾರಂತೆ, ಎಡಗಾಲು ಸ್ವಲ್ಪ ಗಿಡ್ಡವಾಗಿದೆ, ಊರುಗೋಲು ಹಿಡಿದು ನಡೆಯುತ್ತಾಳೆ. ಬೈಯಲು ಬಂದಳೆಂದುಕೊಂಡು ಚಮಚ ಎರಡು ಸಲ ಬೀಳಿಸಿದೆ. ಅವಳು ಬೈಯಲಿಲ್ಲ. ತುರುಚೆ ಸೊಪ್ಪಿನ ಸೂಪು ಬಡಿಸಿದೆ, ಪೂರ್ತಿ ಕುಡಿದಳು. "ನಿಮ್ ತಮ್ಮನ ದಾರಿ ತುಂಬಾ ಚೆನ್ನಾಗಿತ್ತು ಕಣಮ್ಮಾ. ಆ ತಿರುವಿನ ತನಕ ನಗ್ತಾನೇ ಬಂದಿದ್ದೆ" ಎಂದಳು. ಆಮೇಲೆ ಬಟ್ಟಲು ಬದಿಗಿಟ್ಟು, "ಒಂದೇ ಒಂದು ಅರ್ಥ ಆಗಲ್ಲ. ಪ್ರತಿ ಹೊಂಡದ ಮುಂದೆ ಗುರುತು ಇಟ್ಟೋನು, ಬೆಟ್ಟದ ಮೇಲೆ ನಮಗೋಸ್ಕರ ನೀರಿಟ್ಟುಕೊಂಡು ರಾತ್ರಿಯೆಲ್ಲ ಕಾದೋನು, ಸರಪಳಿ ಹೆಂಗೆ ಮರ್ತ?" ಎಂದಳು. ನಾನು ಅವಳ ಲೋಟಕ್ಕೆ ಕಾಫಿ ಬಗ್ಗಿಸಿದೆ. ಲೋಟ ತುಂಬಿಯೇ ಇತ್ತು, ಮೇಜುಬಟ್ಟೆಯ ಮೇಲೆಲ್ಲ ಹರಿಯಿತು. ಅಮ್ಮ ಕಸೂತಿ ಹಾಕಿದ್ದು. ಕಲೆ ಹೋಗಿಲ್ಲ.

ಈಗ ಕೇಳು, ಬರುವ ಭಾನುವಾರ, ಹನ್ನೆರಡನೆಯ ತಾರೀಖು, ಸಂಘದ ವರ್ಷದ ಸಭೆ. ಎವೆರ್ಟ್ ಒಂದು ಠರಾವು ತರುತ್ತಿದ್ದಾನೆ. ರಸ್ತೆಯ ಯಾವ ಕೆಲಸದಲ್ಲೂ ಇನ್ನು ನಿನ್ನ ಕೈ ಇರಬಾರದು, ಸರದಿ ಕೋಲಿನ ಮೇಲಿರುವ ನಿನ್ನ ಮನೆಯ ಗುರುತನ್ನು ಹೆರೆದು ತೆಗೆಯಬೇಕು ಎಂದು. ಒಂದು ಸ್ಪ್ರೂಸ್ ಮರ, ಅದರಡಿ ಎರಡು ಗೀಟು, ಅಪ್ಪ ಚಾಕುವಿನಲ್ಲಿ ಕೆತ್ತಿದ್ದು. ಅಂಗಡಿಯ ಮುಂದೆ ನನ್ನನ್ನು ತಡೆದು, "ಬೇಜಾರು ಮಾಡ್ಕೋಬೇಡ ಗುನ್ವೋರ್, ನಿನ್ನ ಗುರುತು ಹಂಗೇ ಇರುತ್ತೆ. ನೀನು ಜವಾಬ್ದಾರಿ ಹೆಂಗಸು" ಎಂದ. ಆ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಗುರುತು ಹೋದರೆ ಮನೆ ಹೋದ ಹಾಗೆ, ಆಮೇಲೆ ನೀನು ಬಂದರೂ ಬೇಸಿಗೆ ಕಳೆಯಲು ಬಂದ ಪಟ್ಟಣದವನಂತೆ ಇರಬೇಕು. ಹಿಲ್ಲೆವಿಯೂ ಸಭೆಗೆ ಬರುತ್ತಾಳೆ. ನೀನು ಬಾ. ರೈಲು ಬೇಡ, ಅದು ಯಾವಾಗಲೂ ತಡ. ಬಸ್ಸಿಗೆ ಬಾ, ಬೆಚ್ಚಗೆ ಹೊದ್ದುಕೋ, ಮುಂದಿನ ಸೀಟಿನಲ್ಲಿ ಮಾತ್ರ ಕೂರಬೇಡ.

ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಮೈ ಜೋಪಾನ, ಉಪ್ಪುಮೀನು ಜಾಸ್ತಿ ತಿನ್ನಬೇಡ. ಅಮ್ಮನ ಸಮಾಧಿಗೆ ಹೂವಿಟ್ಟಾಗ ನಿನ್ನ ಹೆಸರಿನಲ್ಲೂ ಒಂದು ಇಟ್ಟೆ. ಒಳ್ಳೆಯದಾಗಲಿ ನಿನಗೆ.

ನಿನ್ನ ಅಕ್ಕ,
ಗುನ್ವೋರ್ ಮಾರ್ಗರೇತಾ ಹೆಡ್‌ಲುಂಡ್, ಕೆಳಮನೆ, ಗ್ರಾನ್‌ಮೂ

ಮರೆತ ಮಾತು: ಸೀವ್‌ಳ ಗಾಡಿ ಸೇತುವೆ ದಾಟಿದ ಸದ್ದು ಕೇಳಿತು, ಬೇಗ ಬರೆಯುತ್ತೇನೆ. ಆ ಶನಿವಾರ ಕೋಲು ನನ್ನ ಬಾಗಿಲಲ್ಲಿತ್ತು. ಶುಕ್ರವಾರ ಸಂಜೆ ನಿನಗೆ ದಾಟಿಸಬೇಕಿತ್ತು, ನೀನು ಮೇಲೆ ಹೋಗಿದ್ದೆಯೆಂದು ಇಟ್ಟುಕೊಂಡೆ. ಬೆಳಿಗ್ಗೆ ಸೈಕಲ್ಲಿನವರಿಗೆ ಅರವತ್ತು ಬನ್ನು ಸಾಕಾಗುತ್ತದೋ ಇಲ್ಲವೋ ಎಂದು ಮತ್ತೆ ಹಿಟ್ಟು ಕಲಸುತ್ತ ನಿಂತವಳಿಗೆ ಸರಪಳಿ ಮರೆತೇ ಹೋಯಿತು. ಕಿರುಚಿದ್ದು ಕೇಳಿ ಓಡಿದೆ, ನೋಡಿದೆ, ಆಂಬುಲೆನ್ಸಿಗೆ ಫೋನು ಮಾಡಲು ಮನೆಗೆ ಬಂದೆ. ಬಾಗಿಲಲ್ಲಿ ಅದು ನೇತಾಡುತ್ತಿತ್ತು. ಫೋನು ಮಾಡಿದ ಮೇಲೆ ಹಿಟ್ಟಿನ ಕೈಯಲ್ಲೇ ಅದನ್ನು ತೆಗೆದುಕೊಂಡು ಹೋಗಿ ನಿನ್ನ ಮೊಳೆಗೆ ಹಾಕಿದೆ. ಕೋಲಿಗೆ ಹಿಟ್ಟು ಮೆತ್ತಿತ್ತು, ನೀನು ನೋಡಿದ್ದೆ, ನನಗೆ ಗೊತ್ತು. ಸಭೆಯಲ್ಲಿ ಎದ್ದು ನಿಂತರೆ ನಾನು ಕಾಫಿ ಯಾರಿಗೆ ಬೇಕು ಎಂದು ಕೇಳಿ ಕೂತುಬಿಡುತ್ತೇನೆ. ಈ ಪತ್ರ ತಂದು ನೀನೇ ಓದು, ಅದಕ್ಕೇ ಮೇಲೆ ಪೂರ್ತಿ ಹೆಸರು ಹಾಕಿದ್ದೇನೆ. ನೀನು ಬರದಿದ್ದರೆ ನಾನು ಸುಮ್ಮನಿದ್ದುಬಿಡುತ್ತೇನೆ, ಆಲ್ರಿಕ್. ಅವರು ಹೆರೆಯುವಾಗ ಕೋಲು ಹಿಡಿದುಕೊಂಡಿರುವವಳೂ ನಾನೇ, ಈ ಶುಕ್ರವಾರದಿಂದ ಸರದಿ ನನ್ನದು.