ಏರಿಯ ಮೇಲಿನ ಗಿಡ

ಇಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ಹೋದ ಮಳೆಗಾಲದ ನೆರೆಯಲ್ಲಿ ತೀರಿಕೊಂಡವರ ನೆನಪಿಗೆಂದು ನೀವು ಅಣೆಕಟ್ಟೆಯ ಮಣ್ಣಿನ ಏರಿಯ ಮೇಲೆ ಗಿಡ ನೆಡಿಸಿದಿರಿ. ಒಂದಕ್ಕೆ ನನ್ನ ದೊಡ್ಡ ಮಗಳ ಹೆಸರಿನ ಫಲಕ ಕಟ್ಟಿಸಿದಿರಿ. ಆಗ ನಾನು ಪಕ್ಕದಲ್ಲೇ ನಿಂತಿದ್ದೆ.

ಏರಿ ಒಡೆದ ಮೇಲೆ ನಮ್ಮ ಮನೆ ಬಾಗಿಲಲ್ಲಿ ನಿಂತು ನೀವೇ ಹೇಳಿದ್ದು ನೆನಪಿದೆಯೇ? "ಹಳೇ ಏರಿ ಅಮ್ಮ. ಮರ ಬೆಳೆಯೋಕೆ ಬಿಟ್ಬಿಟ್ಟಿದ್ರು. ಬೇರು ಕೊಳೆತು ತೂತಾಯ್ತು, ಅಲ್ಲೇ ನೀರು ನುಗ್ತು. ಯಾರನ್ನ ಅಂತ ಬೈಯೋದು ಹೇಳಿ?"

ಅಂದು ನಾನು ಯಾರನ್ನೂ ಬೈಯಲಿಲ್ಲ. ಇಂದು ನಿಮ್ಮನ್ನು ಬೈಯುತ್ತಿದ್ದೇನೆ. ತೇಪೆ ಹಾಕಿದ ಅದೇ ಏರಿಯ ಮೇಲೆ ಮತ್ತೆ ಮರ ಬೆಳೆಸಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಅದೂ ಅವಳ ಹೆಸರಿನಲ್ಲಿ? ಅವಳ ತಂಗಿ ಇನ್ನೂ ಆ ಏರಿಯ ಕೆಳಗೇ ಮಲಗುತ್ತಾಳೆ, ಸ್ವಾಮಿ.

ಇವತ್ತು ಬೆಳಿಗ್ಗೆ ಹೋಗಿ ಅವಳ ಗಿಡವನ್ನು ಬೇರುಸಮೇತ ಕಿತ್ತೆ. ನಿಮ್ಮ ಮಾಲಿ ಓಡಿ ಬಂದ. "ಅಯ್ಯೋ, ಹೆತ್ತವರಾಗಿ ಮಗಳ ಗಿಡಾನೇ ಕೀಳ್ತೀರಲ್ಲಮ್ಮ!" ಎಂದ.

"ಹೆತ್ತವಳೇ ಕೀಳ್ಬೇಕಪ್ಪ. ನಿಮ್ಮ ಸಾಹೇಬ್ರು ಕೀಳ್ತಾರಾ?" ಎಂದೆ.

ಅವನು ಹೋಗಿ ಗುದ್ದಲಿ ತಂದ. ಇಬ್ಬರೂ ಸೇರಿ ಗುಂಡಿಗೆ ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿದೆವು.

ಉಳಿದ ಗಿಡಗಳು ಹಾಗೇ ಇವೆ. ಕೀಳಲು ಆ ಮನೆಗಳವರಿಗೆ ಕೈ ಬರುವುದಿಲ್ಲ, ಅವರನ್ನು ಕೇಳಲೂ ಬೇಡಿ. ಮಳೆಗೆ ಮುಂಚೆ ನೀವೇ ಬಂದು ನಿಮ್ಮ ಕೈಯಾರೆ ಕೀಳಿ. ಕೀಳುವ ಮೊದಲು ಒಂದೊಂದು ಫಲಕದ ಹೆಸರನ್ನೂ ಜೋರಾಗಿ ಓದಿ.

ಇಂತಿ,
ಅಣೆಕಟ್ಟೆಯ ಕೆಳಗಿನ ಬೀದಿಯ ದರ್ಜಿ